ವಿತ್ ಅಂದರೆ ಜೊತೆ

ಇಂಗ್ಲಿಷಿನಲ್ಲಿ ಕ್ರಿಯಾಪದಗಳಿಗೆ ಬರಗಾಲ ಅಂತ ನನ್ನ ಅಭಿಪ್ರಾಯ. ಇರುವ ನಾಲ್ಕು ಪದಗಳಿಗೇ ಅಪ್, ಡೌನ್, ಇನ್, ಔಟ್ ಅಂತ ಒಂದೊಂದು ಬಾಲ ಕಟ್ಟಿ ಸಂಸಾರ ತೂಗಿಸುತ್ತಾರೆ. ತಮ್ಮನ ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಇವನ್ನೇ ಉರು ಹೊಡೆಯುತ್ತಿರುತ್ತಾಳೆ. ನಾನು ಪಕ್ಕದಲ್ಲಿ ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತೇನೆ. ಗಿವ್ ಅಂದರೆ ಕೊಡು, ಗಿವ್ ಅಪ್ ಅಂದರೆ ಕೈಬಿಡು, ಗಿವ್ ಇನ್ ಅಂದರೆ ಸೋತು ಒಪ್ಪಿಕೋ.

"ವಿ ರ‍್ಯಾನ್ ಔಟ್ ಆಫ್ ಮಿಲ್ಕ್," ಅಂದಳು ಒಂದು ದಿನ.

"ಹಾಲು ಎಲ್ಲಿಗೆ ಓಡಿಹೋಯ್ತೇ?"

"ಹಾಲು ಖಾಲಿ ಆಯ್ತು ಅಂತ ಅತ್ತೆ. ನೀನು ಒಂದೊಂದೇ ಪದ ಬಿಡಿಸಿ ಅರ್ಥ ಮಾಡ್ಬೇಡ."

ಬಿಡಿಸದೆ ಅರ್ಥ ಮಾಡುವುದು ಹೇಗೋ ನನಗೆ ತಿಳಿಯದು. ನಾನು ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಮಿಷನ್ ತುಳಿಯುವವಳು. ಗಿರಾಕಿ ಟೇಕ್ ಇನ್ ಅಂದರೆ ಸೊಂಟ ಸಣ್ಣ ಮಾಡಬೇಕು. ಲೆಟ್ ಔಟ್ ಅಂದರೆ ಹೊಲಿಗೆ ಬಿಚ್ಚಿ ಒಳಗಿರುವ ಬಟ್ಟೆ ಬಿಡಬೇಕು. ಟೇಕ್ ಅಪ್ ಅಂದರೆ ಕಾಲಿನ ತುದಿ ಮಡಿಚಿ ಹೊಲಿಯಬೇಕು. ಇನ್ ಅಂದರೆ ಒಳಗೆ, ಔಟ್ ಅಂದರೆ ಹೊರಗೆ, ಅಪ್ ಅಂದರೆ ಮೇಲೆ. ಇಷ್ಟು ಗೊತ್ತಿದ್ದದ್ದಕ್ಕೆ ಇವತ್ತಿನವರೆಗೆ ನನ್ನ ಕೈಯಲ್ಲಿ ಒಂದು ಪ್ಯಾಂಟೂ ಕೆಟ್ಟಿಲ್ಲ.

ಗಂಡ ತೀರಿಕೊಂಡಾಗ ತಮ್ಮನೇ ಬಂದು ನನ್ನನ್ನು ಕರೆದುಕೊಂಡು ಬಂದ. "ನಿನ್ ಮನೆ ಬೇರೆ, ನನ್ ಮನೆ ಬೇರೆನಾ ಅಕ್ಕ," ಅಂದಿದ್ದ. ಮೂರನೇ ಮಹಡಿಯ ಫ್ಲಾಟು, ಎರಡು ಕೋಣೆ. ಅವನ ಮಗಳ ಕೋಣೆಯಲ್ಲಿ ನನಗೊಂದು ಮಡಿಚುವ ಮಂಚ. ಬೆಳಗ್ಗೆ ಎದ್ದು ಅದನ್ನು ಮಡಿಚಿ ಬಾಗಿಲ ಹಿಂದೆ ನಿಲ್ಲಿಸಿಬಿಟ್ಟರೆ, ನಾನು ಆ ಮನೆಯವಳು ಅನ್ನುವುದಕ್ಕೆ ಗುರುತೇ ಇರುವುದಿಲ್ಲ. ಆಮೇಲೆ ಅಡುಗೆ ಮಾಡಿಟ್ಟು ಅಂಗಡಿಗೆ ಹೋಗುತ್ತೇನೆ.

ತಮ್ಮನ ಹೆಂಡತಿಗೆ ದೊಡ್ಡ ಕಚೇರಿಯಲ್ಲಿ ಕೆಲಸ. ಕೆಟ್ಟವಳು ಅಂತ ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಒಂದು ದಿನವೂ ದನಿ ಎತ್ತಿದವಳಲ್ಲ. ನಾನು ಏನು ಮಾಡಿದರೂ "ನಿಮಗ್ಯಾಕೆ ತೊಂದ್ರೆ ಅತ್ತಿಗೆ" ಅನ್ನುತ್ತಾಳೆ, ಮಾಡದಿದ್ದರೂ ಅದನ್ನೇ ಅನ್ನುತ್ತಾಳೆ. ಬೈದಿದ್ದರೆ ವಾಸಿಯಿತ್ತು, ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗಬಹುದಿತ್ತು. ಮನಸ್ಸಿನ ಮಾತೇನಿದ್ದರೂ ಅವಳು ಫೋನಿನಲ್ಲಿ ಗೆಳತಿಯರ ಹತ್ತಿರ ಇಂಗ್ಲಿಷಿನಲ್ಲಿ ಆಡುತ್ತಾಳೆ.

ಹೀಗಿರುವಾಗ ನಮ್ಮ ಅಂಗಡಿಗೆ ಬರುವ ಹಾಸ್ಟೆಲಿನ ವಾರ್ಡನ್ನಮ್ಮ ಒಂದು ದಿನ ನನ್ನ ಮಿಷನ್ ಪಕ್ಕ ನಿಂತು ಕೇಳಿದರು: "ನಮ್ಮ ಹುಡುಗೀರ ಹಾಸಿಗೆ ಬಟ್ಟೆ, ಪರದೆ ಎಲ್ಲ ನೋಡ್ಕೊಳ್ಳೋಕೆ ಒಬ್ರು ಬೇಕು. ಊಟ ಅಲ್ಲೇ, ಇರೋಕೆ ಒಂದು ರೂಮೂ ಕೊಡ್ತೀವಿ. ಬರ್ತೀರಾ?"

ಹೋಗಿ ರೂಮು ನೋಡಿ ಬಂದೆ. ಸಣ್ಣದು, ಆದರೆ ಕಿಟಕಿ ಇತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲಿತ್ತು. ಒಬ್ಬಳೇ ಕೂತು ಅಳಬೇಕು ಅನ್ನಿಸಿದರೆ ಅಳಬಹುದಾದ ಜಾಗ. ಶನಿವಾರದೊಳಗೆ ಹೇಳಿ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಅಂದರು ವಾರ್ಡನ್ನಮ್ಮ.

ಆಸೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಈ ಮನೆಗೆ ನಾನು ಬೇಕೋ ಬೇಡವೋ ಅಂತ ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಬೇಕು ಅಂದರೆ ಆ ರೂಮನ್ನು ಮರೆತುಬಿಡುತ್ತಿದ್ದೆ. ಬೇಡ ಅಂದರೆ ಮರ್ಯಾದೆಯಿಂದ ಗಂಟು ಕಟ್ಟುತ್ತಿದ್ದೆ. ತಮ್ಮನನ್ನು ಕೇಳಿದೆ.

"ನಿನ್ನಿಷ್ಟ ಅಕ್ಕ. ಹೋಗು ಅಂದ್ರೂ ತಪ್ಪಾಗುತ್ತೆ, ಬೇಡ ಅಂದ್ರೂ ತಪ್ಪಾಗುತ್ತೆ," ಅಂದ. ಅವನ ಹೆಂಡತಿ "ನಿಮ್ಮ ಮನಸ್ಸಿಗೆ ಹೇಗೆ ಬರುತ್ತೋ ಹಾಗೆ ಅತ್ತಿಗೆ," ಅಂದಳು. ಗೋಡೆಯನ್ನು ಕೇಳಿದ್ದರೂ ಇಷ್ಟೇ ಉತ್ತರ ಸಿಗುತ್ತಿತ್ತು.

ಶುಕ್ರವಾರ ಸಂಜೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಅವಳು ಫೋನಿನಲ್ಲಿದ್ದಳು. ನನ್ನ ವಿಷಯ ಬಂದ ಹಾಗೆ ಕೇಳಿಸಿತು, ಕಿವಿ ನೆಟ್ಟಗಾಯಿತು. "ಶಿ ಈಸ್ ಹಿಸ್ ಸಿಸ್ಟರ್. ವಿ ಪುಟ್ ಅಪ್ ವಿತ್ ಹರ್," ಅಂತ ಹೇಳಿ ನಕ್ಕಳು.

ಪುಟ್ ಅಪ್ ನನಗೆ ಗೊತ್ತಿತ್ತು. ಅದೇ ವಾರ ಮಗು ಉರು ಹೊಡೆದಿತ್ತು: ಮೈ ಅಂಕಲ್ ಪುಟ್ ಅಸ್ ಅಪ್, ಮಾವ ನಮ್ಮನ್ನು ಮನೆಯಲ್ಲಿ ಉಳಿಸಿಕೊಂಡ. ವಿತ್ ಅಂದರೆ ಜೊತೆ, ಅದು ಯಾರಿಗೆ ಗೊತ್ತಿಲ್ಲ. ಬಿಡಿಸಿ ಜೋಡಿಸಿದೆ. ಬರೀ ಜಾಗ ಕೊಟ್ಟಿದ್ದೀವಿ ಅಂತಲ್ಲ, ಜೊತೆಯಲ್ಲೇ ಇಟ್ಟುಕೊಂಡಿದ್ದೀವಿ. ಕನ್ನಡದಲ್ಲಿ ಹಾಗೆ ಹೇಳುವಂತಿಲ್ಲ ಪಾಪ, ಇಟ್ಟುಕೊಂಡಿದ್ದೀವಿ ಅಂದರೆ ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಾರೆ. ಅದಕ್ಕೇ ಇಂಗ್ಲಿಷಿನಲ್ಲಿ ಹೇಳಿದಳು ಅಂದುಕೊಂಡೆ. ಆ ನಗು ಕೂಡ ಪ್ರೀತಿಯದೇ ಅನ್ನಿಸಿತು. ಇಷ್ಟು ವರ್ಷ ಅವಳನ್ನು ಒಳಗೊಳಗೇ ಶಪಿಸಿದ್ದಕ್ಕೆ ನಾಚಿಕೆಯಾಗಿ, ಅವಳ ಸೀರೆಯನ್ನು ಎರಡೆರಡು ಸಲ ನೀವಿ ಮಡಿಚಿಟ್ಟೆ.

ಮರುದಿನ ವಾರ್ಡನ್ನಮ್ಮನಿಗೆ ಬರುವುದಿಲ್ಲ ಅಂದೆ. "ಮನೇಲಿ ಬಿಡಲ್ಲ," ಅಂದೆ, ಅದೂ ಸ್ವಲ್ಪ ಜಂಬದಿಂದಲೇ. ಮನೆಗೆ ಬಂದು ಹೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಹೌದಾ, ಸರಿ," ಅಂದ ತಮ್ಮ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂತ ನಾನು ತಿಳಿದುಕೊಂಡೆ.

ಕೆಲವು ದಿನ ಕಳೆದು ಒಂದು ಭಾನುವಾರ ಅವಳ ಮೇಲಧಿಕಾರಿ ಮೇಡಂ ಗಂಡನ ಜೊತೆ ಊಟಕ್ಕೆ ಬಂದರು. ಅವರಿಗೆ ಕನ್ನಡ ಬಾರದು. ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು ಅಡುಗೆ ಮಾಡಿದ್ದೆ. ಅದರ ಜೊತೆ ಒಂದು ವಾಕ್ಯವನ್ನೂ ಮಾಡಿಟ್ಟುಕೊಂಡಿದ್ದೆ. ಇವರು ನನಗೆ ಮಾಡಿದ್ದನ್ನು ನಾಲ್ಕು ಜನರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತಿತ್ತು.

ಬಡಿಸುವಾಗ ಮೇಡಂ ಅಡುಗೆ ಹೊಗಳಿ, ನೀವೂ ಇಲ್ಲೇ ಇರೋದಾ ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ಯೆಸ್," ಅಂದೆ. "ದೇ ಪುಟ್ ಅಪ್ ವಿತ್ ಮಿ. ಮೆನಿ ಇಯರ್ಸ್. ಐ ಆಮ್ ವೆರಿ ಹ್ಯಾಪಿ."

ಮೇಡಮ್ಮಿನ ಗಂಡ ಗೊಳ್ಳನೆ ನಕ್ಕು, ತಮಾಷೆಯ ಹೆಂಗಸು ಅನ್ನುವ ಹಾಗೆ ನನ್ನ ಕಡೆ ಬೆರಳಾಡಿಸಿದರು. ಮೇಡಂ ತಮ್ಮನ ಹೆಂಡತಿಯ ಮುಖ ನೋಡಿ, ಗಂಡನ ತೋಳು ಮುಟ್ಟಿ ಸುಮ್ಮನಾಗಿಸಿದರು. ಅವಳ ಕೈಯಲ್ಲಿದ್ದ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತ್ತು. ತಮ್ಮ ಅನ್ನದಲ್ಲಿ ಕಲ್ಲು ಹುಡುಕುವವನ ಹಾಗೆ ತಲೆ ತಗ್ಗಿಸಿದ. ಉಚ್ಚಾರಣೆ ಕೆಟ್ಟಿತೇನೋ ಅಂದುಕೊಂಡು ನಾನು ಇನ್ನೊಂದು ಸುತ್ತು ಬಡಿಸಿದೆ.

ತಟ್ಟೆಗಳನ್ನು ಅಡುಗೆಮನೆಗೆ ತಂದಾಗ ಮಗು ಹಿಂದೆಯೇ ಬಂತು.

"ಅತ್ತೆ, ಬೇಕೂಂತಲೇ ಹಾಗಂದ್ಯಾ?"

"ಏನಂದೆ?"

"ಪುಟ್ ಅಪ್ ವಿತ್ ಅಂದ್ರೆ ಸಹಿಸ್ಕೊಳ್ಳೋದು. ಸೊಳ್ಳೆ, ಹಲ್ಲುನೋವು, ಪಕ್ಕದ್ಮನೆ ಗಲಾಟೆ, ಅಂಥದ್ದಕ್ಕೆ ಹೇಳೋದು."

"ವಿತ್ ಅಂದ್ರೆ ಜೊತೆ ಅಲ್ವೇನೇ?"

"ಇಲ್ಲಿ ಅಲ್ಲ ಅತ್ತೆ," ಅಂತು ಮಗು, ತನ್ನದೇ ತಪ್ಪು ಅನ್ನುವ ಹಾಗೆ.

ತಮ್ಮನ ಹೆಂಡತಿಯ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ಹೆಚ್ಚು. ಆ ಮಾತನ್ನು ಕೇಳಿ ಹಿಗ್ಗಿದ್ದೆ, ಅದನ್ನು ನಂಬಿ ಸಿಕ್ಕ ಬಾಗಿಲನ್ನು ನಾನೇ ಮುಚ್ಚಿ ಬಂದಿದ್ದೆ. ಹೊರಗೆ ಐಸ್‌ಕ್ರೀಮ್ ಬೇಕು ಅಂತ ಕೂಗಿದರು. ಕಪ್ಪುಗಳಿಗೆ ಹಾಕಿ ತೆಗೆದುಕೊಂಡು ಹೋಗಿ ಕೊಟ್ಟೆ.

ನೆಂಟರು ಹೋದ ಮೇಲೆ ತಮ್ಮನ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮ ಅಡುಗೆಮನೆಗೆ ಬಂದು, ನೀರಿಗೆ ಅಂತ ಲೋಟ ತೆಗೆದು, ನೀರು ಹಾಕಿಕೊಳ್ಳದೆ ನಿಂತ.

"ಅಕ್ಕ, ಅವಳು ಏನೋ ಬೇಜಾರಲ್ಲಿ ಹಾಗಂದಿರ್ತಾಳೆ. ಮನಸ್ಸಿಗೆ ಹಚ್ಕೋಬೇಡ."

ಆ ಮಾತು ನನಗೆ ಎಲ್ಲಿ ಸಿಕ್ಕಿತು ಅಂತ ನಾನು ಯಾರಿಗೂ ಹೇಳಿರಲಿಲ್ಲ. ಕೇಳದೆಯೇ ಅವನಿಗೆ ಗೊತ್ತಿತ್ತು.

"ನೀನೂ ಹಾಗೇ ಅಂತೀಯೇನೋ?" ಅಂದೆ.

ಅವನು ಲೋಟವನ್ನು ತಿರುಗಿಸುತ್ತ, ಮೆತ್ತಗೆ ಬೇರೆಯೇ ಒಂದು ಕೇಳಿದ. "ಆ ಹಾಸ್ಟೆಲ್ ಕೆಲಸ... ಈಗ ಹೋಗಿ ಕೇಳಿದ್ರೆ ಕೊಡ್ತಾರೇನಕ್ಕ?"

"ಇಲ್ಲ. ಬೇರೆಯವರು ಸೇರ್ಕೊಂಡ್ರು."

"ಅಯ್ಯೋ, ಹೋಯ್ತಾ," ಅಂದ. ತನ್ನ ಕೆಲಸವೇ ಕೈತಪ್ಪಿ ಹೋದವನ ಹಾಗೆ, ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತುಬಿಟ್ಟ.