ಬಿಸಿಯಾಗಿದ್ದ ಬಾಣಲೆ

ಹುಚ್ಚಕ್ಕನ ಬಿಗಿದುಕೊಂಡಿದ್ದ ಮೊಣಕೈಗೆ ಬಿಸಿನೀರು ಹುಯ್ದು ನೀವುತ್ತಲೇ ನಾಗಕ್ಕ ಆ ಮಾತನ್ನು ಆಡಿಬಿಟ್ಟಳು. ಬಿ.ಜಿ. ಕೆರೆಯ ಆ ಕೇರಿಯಲ್ಲಿ ಯಾರು ಸತ್ತರೂ ಮೈ ತೊಳೆಯಲು ಕರೆಯುವುದು ಅವಳನ್ನೇ. ಜೀವ ಎಷ್ಟು ಹೊತ್ತಿಗೆ ಹೋಯಿತೆಂದು ಮುಟ್ಟಿ ಹೇಳುವುದರಲ್ಲಿ ಅವಳು ತಪ್ಪಿದ್ದನ್ನು ಯಾರೂ ಕಂಡಿಲ್ಲ.

"ನಿನ್ನೆ ರಾತ್ರಿ ಒಂಬತ್ತಕ್ಕೆ ನಾನು ಬಂದಾಗ್ಲೇ ಕಟ್ಟಿಗೆ ಆಗಿದ್ಲು. ಮಧ್ಯಾಹ್ನನೇ ಹೋಗೈತೆ ಜೀವ."

ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತಿದ್ದ ಸೊಸೆ ಶಶಿರೇಖಾ ತಲೆ ಎತ್ತಿದಳು. ಐದು ತಿಂಗಳ ಬಸುರಿ. ಹೆಣದ ಎದುರಿಗೆ ಇರಬಾರದು, ಪಕ್ಕದ ಮನೆಗೆ ಹೋಗು ಎಂದು ಎಲ್ಲರೂ ಬೆಳಗಿನಿಂದ ಹೇಳಿ ಹೇಳಿ ಸೋತಿದ್ದರು.

"ಏಳು ಗಂಟೆಗೆ ಅತ್ತೆ ಅಡುಗೆ ಮಾಡಿಟ್ಟಿದ್ರು ನಾಗಕ್ಕ. ಬಾಣಲಿ ಕೈ ಸುಡ್ತಿತ್ತು."

ನಾಗಕ್ಕ ನೀವುವುದನ್ನು ನಿಲ್ಲಿಸಲಿಲ್ಲ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

*

ಶಶಿರೇಖಾ ಚಳ್ಳಕೆರೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವಳು. ಗಂಡ ಓಬಳೇಶ್ ಅಲ್ಲೇ ಎಣ್ಣೆಮಿಲ್ಲಿನಲ್ಲಿ ಹಮಾಲಿ. ಸಂಜೆ ಏಳಕ್ಕೆ ಇಬ್ಬರೂ ಬಸ್ಸಿಳಿಯುವರು. ರಕ್ತ ಕಡಿಮೆಯಿದೆ, ಪ್ರೋಟೀನ್ ತಿನ್ನಿಸಿ ಎಂದು ನರ್ಸ್ ಹೇಳಿದಾಗ ಹುಚ್ಚಕ್ಕ ಅದೇನೆಂದು ಮರುಪ್ರಶ್ನೆ ಹಾಕಲಿಲ್ಲ. ನಲವತ್ತು ವರ್ಷ ಕೂಲಿ ಮಾಡಿದವಳಿಗೆ ಮೈಗೆ ಯಾವುದು ಹಿಡಿಯುತ್ತದೆಂದು ಯಾರೂ ಕಲಿಸಬೇಕಿರಲಿಲ್ಲ. ಬೋಟಿ, ಅಲಸಂದೆ ಕಾಳು. ಕುರಿಯ ಕರುಳನ್ನು ಒಳಹೊರಗು ಮಗುಚಿ, ಬಿಸಿನೀರಲ್ಲಿ ಉಜ್ಜಿ ತೊಳೆದು ಬೆಳಿಗ್ಗೆಯೇ ಬೇಯಿಸಿಡುವಳು, ಕಾಳು ನೆನೆಹಾಕುವಳು. ಬಸ್ಸು ಬರುವ ಅರ್ಧಗಂಟೆ ಮುಂಚೆ ಒಂದೇ ಬಾಣಲೆಗೆ ಕಡಲೆಕಾಯಿ ಎಣ್ಣೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಬೋಟಿ, ಕಾಳು ಎಲ್ಲವೂ ಬೀಳುತ್ತಿದ್ದವು. ಸೊಸೆ ಕೈಕಾಲು ತೊಳೆದು ಬರುವಷ್ಟರಲ್ಲಿ ಊಟ ಸಿದ್ಧ. ಆಮೇಲೆ ಎದುರಿಗೆ ಕೂತು ಅವಳ ಬಾಯನ್ನೇ ನೋಡುವಳು.

"ಒಂದು ತುತ್ತು ನಿಂದು, ಒಂದು ತುತ್ತು ಹೊಟ್ಟೇಲಿರೋದ್ರದ್ದು. ಅದಕ್ಕೆ ಮೋಸ ಮಾಡಬ್ಯಾಡ."

ಜ್ವರ ಬಂದಾಗಲೂ ಒಂದು ಸಂಜೆ ತಪ್ಪಿಸಿದವಳಲ್ಲ. ನಿನ್ನೆ ಮಾತ್ರ ಎದುರಿಗೆ ಕೂರಲು ಬರಲಿಲ್ಲ. ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ದಣಿದಿರಬೇಕು ಅಂದುಕೊಂಡು ಗಂಡಹೆಂಡಿರು ಸದ್ದಿಲ್ಲದೆ ಉಂಡರು. ಕಾಳು ಬೆಣ್ಣೆಯಂತೆ ಬೆಂದಿತ್ತು. ಶಶಿರೇಖಾ ಎರಡನೇ ಸಲವೂ ಬಡಿಸಿಕೊಂಡಳು. ತಟ್ಟೆ ತೊಳೆದಿಟ್ಟು ಅತ್ತೆಯನ್ನು ಊಟಕ್ಕೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

*

ಸಾವಿನ ಮನೆಯಲ್ಲಿ ಮಾತಿಗೇನೂ ಬರವಿಲ್ಲ. ಹೆಣ ಇಟ್ಟುಕೊಂಡು ಉಂಡರಂತೆ ಎಂಬ ಸುದ್ದಿ ಚಟ್ಟ ಕಟ್ಟುವಷ್ಟರಲ್ಲಿ ಕೇರಿ ಸುತ್ತಿ ಬಂದಿತ್ತು. ಮೊಳಕಾಲ್ಮೂರಿನಿಂದ ಬಂದಿದ್ದ ಹುಚ್ಚಕ್ಕನ ತಮ್ಮ ಗಾದ್ರಪ್ಪ, ಅಕ್ಕಪಕ್ಕದವರು ಯಾರಾದರೂ ಮಾಡಿಟ್ಟಿರಬೇಕು ಎಂದು ಮಾತು ಮುಗಿಸಲು ನೋಡಿದ. ಪಕ್ಕದ ಮನೆಯ ಪಾಪಕ್ಕ ತಾನು ಆ ಕಡೆ ಕಾಲೇ ಇಟ್ಟಿಲ್ಲವೆಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಒಗ್ಗರಣೆ ಸದ್ದು ಮಾತ್ರ ಕೇಳಿದೆ ಕಣಣ್ಣ. ಆರೂವರೆ ಆಗಿತ್ತು."

ಗಾದ್ರಪ್ಪ ಟವೆಲ್ ಕೊಡವಿಕೊಂಡು ಎದ್ದು ಹೊರಗೆ ನಡೆದ.

ಶಶಿರೇಖಾಳಿಗೆ ಬೇಕಿದ್ದದ್ದು ಒಂದೇ. ತಾನು ಉಣ್ಣುವಾಗ ಅತ್ತೆಗೆ ಜೀವವಿತ್ತೇ? ಇದ್ದಿದ್ದರೆ, ಅತ್ತೆ ಹತ್ತು ಹೆಜ್ಜೆಯಾಚೆ ಸಾಯುತ್ತಿರುವಾಗ ತಾನು ಬಡಿಸಿಕೊಂಡು ತಿಂದಂತಾಯಿತು. ಇರಲಿಲ್ಲವೆಂದರೆ, ತಿಂದದ್ದು ಯಾರ ಕೈಯ ಅಡುಗೆ? ಒಂದು ಕಡೆ ಪಾಪ, ಇನ್ನೊಂದು ಕಡೆ ಭಯ. ನಡುವೆ ಸಿಕ್ಕಿಬಿದ್ದ ಅವಳ ಗಂಟಲಲ್ಲಿ ಬೆಳಗಿನಿಂದ ನೀರೂ ಇಳಿದಿರಲಿಲ್ಲ. ಪಾಪಕ್ಕ ತಂದ ಅನ್ನಸಾರನ್ನು ಎರಡು ಸಲ ತಳ್ಳಿದ್ದಳು. ಹೊಟ್ಟೆಯೊಳಗಿನದು ಯಾಕೋ ಅಲುಗುತ್ತಿಲ್ಲವೆಂದು ಗಂಡನ ಬಳಿಯೂ ಹೇಳಲಿಲ್ಲ.

ಮಧ್ಯಾಹ್ನ ಹೆಣ ಎತ್ತಿದರು. ಹೋದ ಜೀವ ಒಮ್ಮೆ ಮನೆಗೆ ಬಂದು ನೋಡಿಕೊಂಡು ಹೋಗುತ್ತದೆ, ಹೆಜ್ಜೆ ಹಿಟ್ಟಿನಲ್ಲಿ ಮೂಡುತ್ತದೆ ಎಂಬುದು ಅವರ ನಂಬಿಕೆ. ಪಾಪಕ್ಕ ಮನೆ ಗುಡಿಸಿ, ಜೀವ ಹೋದ ಜಾಗದಲ್ಲಿ ದೀಪ ಹಚ್ಚಿ, ಸುತ್ತ ರಾಗಿಹಿಟ್ಟು ಜರಡಿ ಹಿಡಿದು ಬಾಗಿಲು ಎಳೆದಳು. ಆ ಬಾಗಿಲ ಮುಂದಿನ ಜಗಲಿಯಲ್ಲೇ ಅವಳೂ ಶಶಿರೇಖಾಳೂ ಕೂತರು. ಒಳಗೆ ಹೋಗಲು ಬೇರೆ ದಾರಿಯಿರಲಿಲ್ಲ.

ಮಣ್ಣು ಮಾಡಿ, ಸ್ನಾನ ಮುಗಿಸಿ, ದೀಪ ನೋಡಲು ಗಂಡಸರು ಒದ್ದೆಬಟ್ಟೆಯಲ್ಲಿ ಬಂದರು. ನಾಗಕ್ಕ ಬಾಗಿಲು ತಳ್ಳಿದಳು.

ಹಿಟ್ಟಿನಲ್ಲಿ ಹೆಜ್ಜೆಗಳಿದ್ದವು. ಹಿಟ್ಟು ಮುಗಿದ ಮೇಲೂ ಅವು ನಿಂತಿರಲಿಲ್ಲ. ಸಿಮೆಂಟು ನೆಲದ ಮೇಲೆ ಮಾಸಲಾಗಿ ಒಂದರ ಹಿಂದೊಂದು ಅಡುಗೆಕೋಣೆಯ ಹೊಸ್ತಿಲು ದಾಟಿ, ಒಲೆಯ ಮುಂದೆ ಜೊತೆಯಾಗಿ ನಿಂತಿದ್ದವು. ಹಿಂದಿರುಗಿದ ಗುರುತು ಒಂದೂ ಇರಲಿಲ್ಲ.

ಗಾದ್ರಪ್ಪ ಹಿಂದಕ್ಕೆ ಸರಿದ. ಓಬಳೇಶ್ ಹೆಂಡತಿಯ ಕೈ ಹಿಡಿದು ಎಳೆದ. ಶಶಿರೇಖಾ ಮೆಲ್ಲಗೆ ಬಿಡಿಸಿಕೊಂಡಳು. ಹೆಜ್ಜೆಗಳನ್ನು ತುಳಿಯದಂತೆ ಗೋಡೆಗೆ ಆತುಕೊಂಡು ನಡೆದು ಅಡುಗೆಕೋಣೆ ಸೇರಿದಳು. ಸ್ಟ್ಯಾಂಡಿನಿಂದ ತನ್ನ ತಟ್ಟೆ ತೆಗೆದುಕೊಂಡು ಆರಿದ ಒಲೆಯ ಎದುರು ಕೂತಳು. ಎರಡು ದಿನದಲ್ಲಿ ಮೊದಲ ಬಾರಿಗೆ ಅವಳಿಗೆ ಅಳು ಬಂತು.

"ಹಸಿವಾಗೈತೆ ಅತ್ತೆ," ಎಂದಳು.

ಹೊರಗೆ ನಿಂತವರಲ್ಲಿ ಒಬ್ಬರೂ ಒಳಗೆ ಕಾಲಿಡಲಿಲ್ಲ. ಅವಳು ಎರಡೂ ಕೈಯಲ್ಲಿ ಖಾಲಿ ತಟ್ಟೆಯನ್ನು ಒಲೆಯ ಕಡೆಗೆ ಚಾಚಿ ಹಿಡಿದೇ ಇದ್ದಳು.