ಬೆಡ್‌ಶೀಟಿನ ಆ ತುದಿ

ಮೇಜಿನ ಬಟ್ಟೆಯ ಮಡಿಕೆ ಅರ್ಧ ಬೆರಳು ಓರೆ, ಯಾರೋ ಒಬ್ಬರೇ ಮಡಚಿದ್ದಾರೆ, ಇಬ್ಬರು ಎದುರುಬದುರು ನಿಂತು ಎಳೆದಿದ್ದರೆ ಹೀಗಾಗುತ್ತಿರಲಿಲ್ಲ — ಹೋಟೆಲಿನ ಲಾಂಡ್ರಿಯಲ್ಲಿ ಆರು ವರ್ಷ ಬೆಡ್‌ಶೀಟು ಮಡಚಿದವಳಿಗೆ ಸ್ಪ್ಯಾನಿಷ್ ಪರೀಕ್ಷೆಯ ಕೋಣೆಯಲ್ಲೂ ಕಣ್ಣಿಗೆ ಬೀಳುವುದು ಅದೇ, ಈ ತುದಿಯಲ್ಲಿ ತಾನು, ಆ ತುದಿಯಲ್ಲಿ ಕಡಲಾಚೆಯಿಂದ ಬಂದ ಇಸ್ತ್ರಿ ಅಕ್ಕ, ಮಡಿಕೆಗೊಂದು ಅವಳ ಸ್ಪ್ಯಾನಿಷ್ ಮಾತು, ಬಂದೆ, ತಿಂದೆ, ಬಿದ್ದೆ, ಮಾತು ಸರಿಯಿದ್ದರೆ ಅಕ್ಕ ತನ್ನ ತುದಿಯನ್ನು ತಂದು ಇವಳ ಕೈಗಿಡುತ್ತಿದ್ದಳು, ತಪ್ಪಿದರೆ ಜಗ್ಗಿ ನಿಲ್ಲುತ್ತಿದ್ದಳು, ಬಿಡಲ್ಲ ಕಣೇ, ಮತ್ತೆ ಹೇಳು. ನಾವಿಬ್ಬರೂ ನಿನ್ನ ಗೆಳೆಯರು ಅಂದ್ಕೊಮ್ಮ, ಬೆಳಿಗ್ಗೆ ಏನಾಯ್ತು ಹೇಳು, ಅನ್ನುತ್ತಿದ್ದಾರೆ ಕನ್ನಡಕದ ಪರೀಕ್ಷಕರು, ಪಕ್ಕದ ನೆಗಡಿಯ ಮೇಡಮ್ಮು ಪೆನ್ನು ತೆರೆದಿದ್ದಾರೆ, ಪರೀಕ್ಷೆಗೆ ಬೇಕಾದ್ದು ಸ್ಪೇನಿನ ಮಾತು, ‘ನೀವು’ ಅನ್ನಲು ಗೆಳೆಯರಾದರೆ ವೊಸೋತ್ರೊಸ್ ಅನ್ನಬೇಕು, ಇವತ್ತಿನದಾದರೆ ಬಿದ್ದೆ ಅಲ್ಲ, ಬಿದ್ದಿದ್ದೇನೆ, ಹೋದ ಸಲ ಇದಕ್ಕೇ ಫೇಲು, ಹತ್ತು ನಿಮಿಷ ನಾಟಕ ಮಾಡೇ ತಾಯಿ, ಆಮೇಲೆ ನಿನ್ನಿಷ್ಟ, ಅಂದಿದ್ದರು ಟ್ಯೂಷನ್ ಮೇಷ್ಟ್ರು. ಅಕ್ಕನ ಊರಿನ ಸ್ಪ್ಯಾನಿಷ್ಷೇ ಬೇರೆ, ಇವತ್ತು ಬಿದ್ದರೂ ಬಿದ್ದೆಯೇ, ‘ನೀವು’ ಅಂದರೆ ಎಲ್ಲರಿಗೂ ಉಸ್ತೇದೆಸ್, ನಾಲ್ಕು ಮಂತ್ರಿಗಳಿಗೂ ಅದೇ ನಾಲ್ಕು ನಾಯಿಗಳಿಗೂ ಅದೇ, ನಾಯಿಗಳೇನೂ ಬೇಜಾರು ಮಾಡ್ಕೊಂಡಿಲ್ಲ ಎಂದು ನಕ್ಕವಳು ಅದೇ ವಾರ ಇಸ್ತ್ರಿ ಮೇಜಿನ ಹತ್ತಿರ ಕುಸಿದಳು — ಆಸ್ಪತ್ರೆ, ಭಾಷೆಯ ಸರ್ಟಿಫಿಕೇಟ್ ಇಲ್ದೋರು ಹೊರಗಿರಿ ಅಂದಳು ನರ್ಸು, ಅರ್ಧ ತೆರೆದ ಬಾಗಿಲು, ಅಕ್ಕನ ಚೀಲ ಇವಳ ಕೈಯಲ್ಲಿ, ಬೆಳಿಗ್ಗೆ ಬಿದ್ದೆ ಅನ್ನುತ್ತಾಳೆ ಅಕ್ಕ, ಸರ್ಟಿಫಿಕೇಟಿನ ದುಭಾಷಿ ಡಾಕ್ಟರಿಗೆ ಹೇಳುವ ಬದಲು ತಿದ್ದುತ್ತಾನೆ, ಇವತ್ತಿಂದಕ್ಕೆ ಹಾಗನ್ನಲ್ಲಮ್ಮ, ಬಿದ್ದಿದ್ದೇನೆ ಅನ್ನಿ, ಎಲ್ಲಿ, ಇನ್ನೊಂದ್ಸಲ, ಅಕ್ಕನ ಮುಖ ಮಕ್ಕಳ ಮುಂದೆ ಏಟು ತಿಂದವಳ ಹಾಗೆ, ಏನಿಲ್ಲ ಬಿಡಪ್ಪ ಅಂದಳು, ಎದೆನೋವಿನ ಮಾತು ಎತ್ತಲೇ ಇಲ್ಲ, ಎದ್ದು ಬಂದಳು, ಮೂರನೇ ದಿನ ಸತ್ತಳು. ಸತ್ತಳು, ಸತ್ತಿದ್ದಾಳೆ ಅಲ್ಲ. ಆ ದುಭಾಷಿಯ ಕುರ್ಚಿ ಬೇಕು ಇವಳಿಗೆ, ಅದಕ್ಕೇ ಈ ಪರೀಕ್ಷೆ, ಆದರೆ ಅವನ ನಾಲಿಗೆ ಇಟ್ಟುಕೊಂಡು ಅಲ್ಲಿ ಕೂತು ಮಾಡುವುದೇನು, ಇನ್ನೊಬ್ಬಳ ಬಾಯಿ ಮುಚ್ಚಿಸುವುದೇ. ಉಸ್ತೇದೆಸ್, ಎಂದು ಶುರು ಮಾಡಿದಳು, ಪೆನ್ನು ಒಂದು ಗೀಟು ಎಳೆಯಿತು, ಎಳೆಯಲಿ, ಬೆಳಿಗ್ಗೆ ಬಿದ್ದೆ, ಎದೆ ಹಿಂಡುತ್ತಿದೆ, ಎಡಗೈಗೆ ಇಳಿಯುತ್ತಿದೆ, ಡಾಕ್ಟರಿಗೆ ಹೇಳಿ, ಇನ್ನೊಂದು ಗೀಟು, ಮೇಡಮ್ಮು ಮೂಗೊರೆಸಿಕೊಂಡರು, ತಿದ್ಕೊಳ್ಳಮ್ಮ, ಇನ್ನೂ ಟೈಮಿದೆ, ಬಿದ್ದೆ ಅಂದಳು, ಗೊತ್ತಿರೋದನ್ನೇ ಯಾಕೆ ತಪ್ಪಾಗಿ ಹೇಳ್ತೀಯ, ಬಿದ್ದೆ, ಮೇಜಿನ ಮೇಲೆ ಆ ಓರೆ ಮಡಿಕೆ, ಆ ತುದಿಯಲ್ಲಿ ಜಗ್ಗಿ ನಿಂತ ಎರಡು ಕೈ, ಬಿದ್ದೆ — ಬೆಡ್‌ಶೀಟಿನ ಆ ತುದಿ ಇವಳ ಕೈಗೆ ಬಂತು, ಬೆಚ್ಚಗೆ.