ಸಿರಾಜುದ್ದೀನರ ಗಿರಣಿಯಲ್ಲಿ ಹಾರಾಟ

ಗಿರಣಿಯಿಂದ ಆಗಷ್ಟೇ ಬಿದ್ದ ಬಿಸಿ ಜೋಳದ ಹಿಟ್ಟಿನ ವಾಸನೆ, ಅದರೊಳಗೆ ತುಸು ಕಾದ ರಬ್ಬರ್ ಪಟ್ಟಾದ ವಾಸನೆ. ಬಸವಕಲ್ಯಾಣದಲ್ಲಿ ಕಳೆದ ನನ್ನ ಬಾಲ್ಯವೆಲ್ಲ ಅದರಲ್ಲೇ ಇದೆ. ಹುಮನಾಬಾದಿನ ಸಿರಾಜುದ್ದೀನರ ಗಿರಣಿಯಲ್ಲೂ ಅದೇ ವಾಸನೆ. ಆದರೆ ಹೋದ ಶನಿವಾರ ನಾನು ಅಲ್ಲಿಗೆ ಹೋದದ್ದು ಹಿಟ್ಟು ಬೀಸಿಸಲಿಕ್ಕಲ್ಲ, ವಿಮಾನ ಹಾರಿಸಲಿಕ್ಕೆ.

ನನ್ನ ತಮ್ಮನ ಮೊಮ್ಮಗಳು ಸ್ನೇಹಲ, ನನ್ನನ್ನೂ ಅಜ್ಜಿಯೆಂದು ಆಯಿ ಅನ್ನುವವಳು, ಪೈಲಟ್ ತರಬೇತಿಯಲ್ಲಿದ್ದಾಳೆ. ಕಳೆದ ಪರೀಕ್ಷೆಯಲ್ಲಿ ಎಂಜಿನ್ನಿನ ಗದ್ದಲದ ನಡುವೆ ರೇಡಿಯೋದ ಆದೇಶ ತಿಳಿಯದೆ ಫೇಲಾದಳು. ಸೋಮವಾರ ಮತ್ತೆ ಪರೀಕ್ಷೆ. ಈ ಸಲ ಸದ್ದು ಅಳಿಸುವ ಹೊಸ ಹೆಡ್‌ಸೆಟ್ ತಂದಿದ್ದಳು.

"ಸದ್ದು ನುಂಗೋದು ಮಾತೂ ನುಂಗಿದ್ರ?" ಎಂದೆ.

"ಒಂದೇ ಸಮ ಗುಂಯ್ ಅನ್ನೋದಷ್ಟೇ ಅಳಸ್ತದಂತ ಆಯಿ, ಮಾತು ಬಿಡ್ತದಂತ. ಖರೇನೋ ಸುಳ್ಳೋ ನೋಡಬೇಕು."

ನಮ್ಮ ಓಣಿಯಲ್ಲಿ ವಿಮಾನದಷ್ಟು ಗದ್ದಲ ಮಾಡುವುದು ಗಿರಣಿಯೊಂದೇ. "ಖಾಲಿ ಓಡಿಸಿದ್ರ ಕಲ್ಲು ಸವೀತಾವ್ರಿ" ಎಂದ ಸಿರಾಜುದ್ದೀನ್, ತಮ್ಮ ಮನೆಯ ಗೋಧಿಯನ್ನೇ ಸುರಿದು ಸಣ್ಣಗೆ ಬಿಡುತ್ತ ಗಿರಣಿ ಓಡಿಸಿದರು.

ಕೇಳಿದ್ದನ್ನು ಹಾಗೆಯೇ ತಿರುಗಿ ಒಪ್ಪಿಸುವುದು ಪೈಲಟ್‌ಗಳ ರೂಢಿ. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು ನಾನು, ಹೆಡ್‌ಸೆಟ್‌ಗೆ ಜೋಡಿಸಿದ್ದ ಅವಳ ಫೋನಿಗೆ ಕರೆ ಮಾಡಿ, ಅವಳ ಪುಸ್ತಕದ ಇಂಗ್ಲಿಷ್ ಆದೇಶಗಳನ್ನು ಓದಿದೆ. ಒಳಗೆ ಹೆಡ್‌ಸೆಟ್ ಹಾಕಿಕೊಂಡ ಅವಳು ಎಲ್ಲವನ್ನೂ ಸರಿಯಾಗಿ ಒಪ್ಪಿಸಿದಳು. ಆದರೂ ಮುಖ ಅರಳಲಿಲ್ಲ.

"ಎಲ್ಲಾ ಬಾಯಿಪಾಠ ಆಗ್ಯಾವ ಆಯಿ. ಕೇಳಿ ಹೇಳಾಕತ್ತೀನೋ, ನೆನಪಿಲೆ ಹೇಳಾಕತ್ತೀನೋ, ನನಗೇ ತಿಳೀವಲ್ದು."

ಅಷ್ಟರಲ್ಲಿ ಪಕ್ಕದ ಮನೆಯ ಮುನ್ನಿ ಬೀ ಮತ್ತು ಮೀರಾಬಾಯಿ ಜೋಳದ ಡಬ್ಬಿ ಹಿಡಿದು ಬಂದು ನನ್ನ ಪಕ್ಕ ನಿಂತರು; ನನ್ನ ಕೈಯ ಫೋನು ಇನ್ನೂ ಚಾಲೂ ಇತ್ತು. ಗಿರಣಿಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು.

"ಕಿವಿಗಿ ಬಟ್ಟಲಾ ಬಡಕೊಂಡಾಳ, ಏನೂ ಕೇಳಂಗಿಲ್ಲ" ಎಂದಳು ಮುನ್ನಿ ಬೀ, ಮೀರಾಬಾಯಿಗೆ. "ಹೋದ ಸಲ ಫೇಲಂತ. ವಿಮಾನ ಯಾಕ ಬೇಕಿತ್ತು? ಮನ್ನಾಏಖೇಳ್ಳಿ ಬಸ್ಸಿಗಿ ಕಂಡಕ್ಟರ್ ಆಗಿದ್ರ ಚಲೋ ಇತ್ತು!"

"ಕಂಡಕ್ಟರಗೂ ಕಿವಿ ಬೇಕಲ್ಲವಾ!" ಎಂದು ಮೀರಾಬಾಯಿ ನಕ್ಕಳು.

ಸ್ನೇಹಲ ಎದುರಿನ ಗೋಡೆಯನ್ನೇ ನೋಡುತ್ತ, ರೇಡಿಯೋದ ಅದೇ ಸಪ್ಪೆ ದನಿಯಲ್ಲಿ ಒಪ್ಪಿಸಿದಳು: "ಹೋದ ಸಲ ಫೇಲು. ಮನ್ನಾಏಖೇಳ್ಳಿ ಬಸ್ಸಿಗಿ ಕಂಡಕ್ಟರ್. ಕಂಡಕ್ಟರಗೂ ಕಿವಿ ಬೇಕು. ಕೇಳಿಸ್ತು, ಮುನ್ನಿ ಖಾಲಾ."

ಗಿರಣಿ ಓಡುತ್ತಲೇ ಇತ್ತು. ಮೀರಾಬಾಯಿಯ ನಗು ನಿಂತಿತು. ಮುನ್ನಿ ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸ್ನೇಹಲ ಮಾತ್ರ ಕುಣಿದುಬಿಟ್ಟಳು. "ಆಯಿ! ಇದು ಬಾಯಿಪಾಠ ಅಲ್ಲ! ಡಬ್ಬಿ ಒಳಗಿಂದ ಬಂದಂಗ ಅದ, ಖರೆ, ಆದ್ರ ಅಕ್ಷರ ಅಕ್ಷರ ಕೇಳಿಸ್ತು!"

ಬಿ.ಎ. ಓದಿದ ನನ್ನ ಇಂಗ್ಲಿಷ್ ಕೊಡದ ಧೈರ್ಯವನ್ನು ಆ ಚಾಡಿಮಾತು ಕೊಟ್ಟಿತ್ತು.

ಭಾನುವಾರ ಬೆಳಿಗ್ಗೆ ಸ್ನೇಹಲ ಪರೀಕ್ಷೆಗೆ ಹೊರಟಾಗ ಬಸ್‌ಸ್ಟ್ಯಾಂಡಿಗೆ ಮುನ್ನಿ ಬೀ ಬಂದಳು. ಏನೋ ಹೇಳಲು ಬಾಯಿ ತೆರೆದವಳು ಸ್ನೇಹಲಳ ಕೊರಳಿನ ಹೆಡ್‌ಸೆಟ್ ಕಂಡು ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಟ್ಟೆಯಲ್ಲಿ ಕಟ್ಟಿದ ಬುತ್ತಿಯನ್ನು ಅವಳ ಮಡಿಲಲ್ಲಿಟ್ಟಳು. ಹಿಂದಿನ ದಿನ ಬೀಸಿದ ಜೋಳದ ರೊಟ್ಟಿ, ಇನ್ನೂ ಬಿಸಿಯಾಗಿತ್ತು.